ಕಸದ ಡಬ್ಬಿ ಒಬ್ಬರದು, ವೀಸಾ ಇನ್ನೊಬ್ಬರದು

ನೀನು ಅಕ್ಕ ಎಂದು ಕರೆದಿರುವುದರಿಂದ ಏಕವಚನದಲ್ಲಿಯೇ ಬರೆಯುತ್ತಿದ್ದೇನೆ. ಮೆಲ್ಬರ್ನ್‌ಗೆ ಬಂದು ಆರು ವಾರವಾಯಿತು, ಮನೆಗೆ ಮೂರು ಕಡೆಯಿಂದ ಮೂರು ಕಾಗದ ಬಂದಿವೆ ಎಂದಿದ್ದೀಯೆ. ಒಂದರ ಮೇಲೆ ಕಾಂಗರೂ ಮತ್ತು ಎಮು ಹಕ್ಕಿಯ ಮುದ್ರೆ, ಇನ್ನೊಂದರ ಮೇಲೆ ವಿಕ್ಟೋರಿಯಾ ರಾಜ್ಯದ ಹೆಸರು, ಮೂರನೆಯದರಲ್ಲಿ ಕಸದ ಡಬ್ಬಿಗಳ ವೇಳಾಪಟ್ಟಿ. "ಇವುಗಳಲ್ಲಿ ನಿಜವಾದ ಸರಕಾರ ಯಾವುದು? ತೊಂದರೆಯಾದರೆ ಯಾರ ಬಳಿ ಹೋಗಬೇಕು? ನಮ್ಮ ಶಾಸಕರ ಹಾಗೆ ಯಾರಾದರೂ ಇರುತ್ತಾರೆಯೇ?" ಎಂಬುದು ನಿನ್ನ ಪ್ರಶ್ನೆ. ಮಗಳ ಶಾಲೆಯ ಗೊಂದಲವನ್ನೂ ವೀಸಾದ ಭಯವನ್ನೂ ಕೊನೆಯಲ್ಲಿ ಸೇರಿಸಿದ್ದೀಯೆ.

ನನ್ನ ಅಪ್ಪ ಸಾಗರದ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದರು. ಬೆಳಗಾದರೆ ನಮ್ಮ ಜಗಲಿಯ ಮೇಲೆ ಅರ್ಜಿ ಹಿಡಿದವರು ಕುಳಿತಿರುತ್ತಿದ್ದರು. ಪಹಣಿಯ ತಿದ್ದುಪಡಿ, ಬೇಲಿಯ ಜಗಳ, ಬೋರ್‌ವೆಲ್, ಪಿಂಚಣಿ, ಏನೇ ಇರಲಿ, ಮೊದಲು ಅಪ್ಪ, ಆಮೇಲೆ ತಹಶೀಲ್ದಾರರು, ಅಲ್ಲಿಯೂ ಆಗದಿದ್ದರೆ ಶಿವಮೊಗ್ಗಕ್ಕೆ ಹೋಗಿ ಜಿಲ್ಲಾಧಿಕಾರಿಗಳು. ಸರಕಾರವೆಂದರೆ ಒಂದೇ ಮೆಟ್ಟಿಲ ಸಾಲು, ಹತ್ತುತ್ತಾ ಹೋದರೆ ಎಲ್ಲೋ ಒಂದು ಕಡೆ ಕೆಲಸವಾಗುತ್ತದೆ ಎಂಬ ನಂಬಿಕೆಯನ್ನು ಕಟ್ಟಿಕೊಂಡೇ ನಾನು ವಿಮಾನ ಹತ್ತಿದ್ದೆ.

ಆ ನಂಬಿಕೆ ಒಡೆದದ್ದು ಒಂದು ರಸ್ತೆಗುಂಡಿಯಿಂದ. ಬಂದ ಮೊದಲ ಚಳಿಗಾಲದಲ್ಲಿ ಮನೆಯ ಹತ್ತಿರದ ದೊಡ್ಡ ರಸ್ತೆಯ ಗುಂಡಿಗೆ ಬಿದ್ದು ನಮ್ಮ ಹಳೆಯ ಕಾರಿನ ಟೈರು ಹರಿಯಿತು. ಅಪ್ಪನ ಶೈಲಿಯಲ್ಲಿ ಎರಡು ಪುಟದ ಮನವಿ ಬರೆದು ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಸಂಸ್ಥೆಗೆ, ಕಳುಹಿಸಿದೆ. ನಾಲ್ಕು ಸಾಲಿನ ಉತ್ತರ ಬಂತು: ಆ ರಸ್ತೆ ನಮ್ಮದಲ್ಲ, ರಾಜ್ಯದ್ದು, ನಿಮ್ಮ ಮನೆ ಮುಂದಿನ ಬೀದಿ ಮಾತ್ರ ನಮ್ಮದು. ಅಲ್ಲಿಗೂ ಬಿಡದೆ ಸಂಸತ್ ಸದಸ್ಯರಿಗೆ ಬರೆದೆ. ಅವರು ರಾಷ್ಟ್ರದ ಸಂಸತ್ತಿನವರು, ಗುಂಡಿಗೂ ಅವರಿಗೂ ಸಂಬಂಧವಿಲ್ಲ ಎಂದು ಅವರ ಕಚೇರಿಯ ಹುಡುಗಿ ಬಹಳ ವಿನಯದಿಂದ ತಿಳಿಸಿದಳು. ಮೆಟ್ಟಿಲು ಹತ್ತುತ್ತಿದ್ದೇನೆ ಎಂದುಕೊಂಡವಳು ಪಕ್ಕದ ಮನೆಗಳ ಬಾಗಿಲು ತಟ್ಟುತ್ತಿದ್ದೆ.

ಇದನ್ನು ನಿನ್ನ ವೀಸಾದಿಂದಲೇ ಅರ್ಥಮಾಡಿಕೊಳ್ಳಬಹುದು. ನೀವು ಬಂದಿರುವುದು 190ರ ವೀಸಾದ ಮೇಲೆ. "ಈ ಕಸುಬಿನವರು ನಮಗೆ ಬೇಕು" ಎಂದು ನಿನ್ನ ಗಂಡನ ಹೆಸರನ್ನು ಸೂಚಿಸಿದ್ದು ವಿಕ್ಟೋರಿಯಾ ರಾಜ್ಯ. ಆದರೆ ರಾಜ್ಯಕ್ಕೆ ವೀಸಾ ಕೊಡುವ ಅಧಿಕಾರವಿಲ್ಲ. ಕೊಟ್ಟಿದ್ದು ರಾಜಧಾನಿ ಕ್ಯಾನ್‌ಬೆರಾದ ಫೆಡರಲ್ ಸರಕಾರ, ಅಂದರೆ ಕೇಂದ್ರ. ಯಾವ ರಾಜ್ಯ ಎಷ್ಟು ಜನರನ್ನು ಸೂಚಿಸಬಹುದು ಎಂಬ ಲೆಕ್ಕವನ್ನೂ ಅವರೇ ಹಂಚುತ್ತಾರೆ. ಎರಡು ವರ್ಷ ಇಲ್ಲಿಯೇ ಇರುತ್ತೇವೆ ಎಂದು ನೀವು ಮಾತು ಕೊಟ್ಟಿರುವುದು ರಾಜ್ಯಕ್ಕೆ. ಬೀಗರ ಮನೆಯವರು ಹುಡುಗಿಯನ್ನು ಒಪ್ಪಿ, ಮುಹೂರ್ತ ಮಾತ್ರ ಹುಡುಗಿಯ ಕಡೆಯವರು ಇಟ್ಟ ಹಾಗೆ.

ಹೀಗೇಕೆ ಎಂದರೆ, ಇಲ್ಲಿ ರಾಜ್ಯಗಳೇ ಹಿರಿಯರು. ಆರು ಬ್ರಿಟಿಷ್ ವಸಾಹತುಗಳು, ಪ್ರತಿಯೊಂದಕ್ಕೂ ತನ್ನದೇ ಸಂಸತ್ತು, ತನ್ನದೇ ಸುಂಕದ ಕಟ್ಟೆ. ಅವು ಒಟ್ಟುಗೂಡಿ 1901ರ ಜನವರಿ 1ರಂದು ಒಕ್ಕೂಟವಾದವು. ಅದಕ್ಕೆ ಮೊದಲು ಅವು ಎಷ್ಟು ಬೇರೆ ಬೇರೆಯಾಗಿದ್ದವು ಎಂದರೆ ರೈಲು ಹಳಿಯ ಅಗಲವೂ ಒಂದೇ ಇರಲಿಲ್ಲ: ವಿಕ್ಟೋರಿಯಾದಲ್ಲಿ 1600 ಮಿಲಿಮೀಟರ್, ನ್ಯೂ ಸೌತ್ ವೇಲ್ಸ್‌ನಲ್ಲಿ 1435, ಕ್ವೀನ್ಸ್‌ಲ್ಯಾಂಡ್‌ನಲ್ಲಿ 1067. ಮೆಲ್ಬರ್ನ್‌ನಿಂದ ಸಿಡ್ನಿಗೆ ಹೊರಟವರು ಗಡಿಯ ಆಲ್ಬರಿಯಲ್ಲಿ ಇಳಿದು, ಸಾಮಾನು ಹೊತ್ತು, ಬೇರೆ ರೈಲು ಹತ್ತಬೇಕಾಗಿತ್ತು. ನೇರ ರೈಲು ಬಂದದ್ದು 1962ರಲ್ಲಿ! ಇಂತಹವರು ಕೂಡಿ ಬರೆದ ಸಂವಿಧಾನ ಹೇಗಿರುತ್ತದೆ? ಕೇಂದ್ರಕ್ಕೆ ಏನೇನು ಸೇರಬೇಕು ಎಂದು 51ನೆಯ ವಿಧಿಯಲ್ಲಿ ಎಣಿಸಿ ಬರೆದರು: ರಕ್ಷಣೆ, ವಲಸೆ, ಅಂಚೆ, ನಾಣ್ಯ, ವಿವಾಹ ಇತ್ಯಾದಿ. ಪಟ್ಟಿಯಲ್ಲಿ ಇಲ್ಲದ್ದು ರಾಜ್ಯಗಳ ಪಾಲಿಗೆ ಉಳಿಯಿತು. ನಮ್ಮಲ್ಲಿ ಇದು ತಿರುಗುಮುರುಗು. ಏಳನೆಯ ಅನುಸೂಚಿಯ ಮೂರು ಪಟ್ಟಿಗಳಲ್ಲಿ ಎಲ್ಲಿಯೂ ಸೇರದ ವಿಷಯ ದೆಹಲಿಗೆ ಹೋಗುತ್ತದೆ. ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯದಲ್ಲಿ ಘರ್ಷಣೆಯಾದರೆ ಇಲ್ಲಿ 109ನೆಯ ವಿಧಿಯಂತೆ ಕೇಂದ್ರದ ಕಾನೂನು ನಿಲ್ಲುತ್ತದೆ. ನಮ್ಮ ಸಮವರ್ತಿ ಪಟ್ಟಿಯ ಕಲ್ಪನೆಗೆ ಈ ದೇಶದ ಸಂವಿಧಾನವೇ ಪ್ರೇರಣೆ ಎನ್ನುತ್ತಾರೆ.

ಈಗ ಮಗಳ ಶಾಲೆ. ಅವಳಿಗೆ ಬರುವ ಮೇ ತಿಂಗಳಲ್ಲಿ ಐದು ತುಂಬುತ್ತದೆ. ಸಿಡ್ನಿಯ ನಾದಿನಿ "ಬರುವ ಜನವರಿಗೇ ಶಾಲೆಗೆ ಸೇರಿಸಬಹುದು" ಎನ್ನುತ್ತಾಳೆ, ಇಲ್ಲಿನ ಶಾಲೆಯವರು "ಇನ್ನೊಂದು ವರ್ಷ ತಡೆಯಿರಿ" ಎನ್ನುತ್ತಾರೆ, ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಕೇಳಿದ್ದೀಯೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಶಾಲಾ ಶಿಕ್ಷಣ ರಾಜ್ಯದ ವಿಷಯ. ಶಾಲೆ ಸೇರುವ ವರ್ಷದ ಜುಲೈ 31ರೊಳಗೆ ಐದು ತುಂಬಿದರೆ ನ್ಯೂ ಸೌತ್ ವೇಲ್ಸ್‌ನಲ್ಲಿ ಸಾಕು. ವಿಕ್ಟೋರಿಯಾದಲ್ಲಿ ಏಪ್ರಿಲ್ 30ರೊಳಗೆ ತುಂಬಬೇಕು. ಮೇ ತಿಂಗಳ ಮಗು ಗಡಿ ದಾಟಿ ಸಿಡ್ನಿಯ ಕಡೆ ಹೋದರೆ ಒಂದು ವರ್ಷ ಮೊದಲೇ ಶಾಲೆ ಸೇರುತ್ತದೆ. ಹೆಸರುಗಳ ಗೊಂದಲವೂ ಇದೆ. ಸಿಡ್ನಿಯವರು ಕಿಂಡರ್‌ಗಾರ್ಟನ್ ಎಂದರೆ ಅದು ಶಾಲೆಯ ಮೊದಲ ತರಗತಿ. ಇಲ್ಲಿ ವಿಕ್ಟೋರಿಯಾದಲ್ಲಿ ಅದೇ ಪದಕ್ಕೆ ಶಿಶುವಿಹಾರವೆಂಬ ಅರ್ಥ, ಶಾಲೆಯ ಮೊದಲ ವರ್ಷಕ್ಕೆ ಪ್ರೆಪ್ ಎನ್ನುತ್ತಾರೆ. ನಾದಿನಿಯ ಜೊತೆ ಫೋನಿನಲ್ಲಿ ವಾದ ಮಾಡುವ ಮೊದಲು ಇದನ್ನು ನೆನಪಿಡು. ಗಡಿಯಾರದ ಮುಳ್ಳನ್ನು ಬೇಸಿಗೆಯಲ್ಲಿ ಒಂದು ಗಂಟೆ ಮುಂದಿಡುವುದೂ ರಾಜ್ಯದ ನಿರ್ಧಾರವೇ. ಬ್ರಿಸ್ಬೇನ್‌ನವರು ಇಡುವುದಿಲ್ಲ.

ಆಸ್ಪತ್ರೆಯ ವಿಷಯದಲ್ಲಿ ಮಾತ್ರ ಹಂಚಿಕೆ ಅಷ್ಟು ಸರಳವಾಗಿಲ್ಲ. ಬೀದಿಯ ಕ್ಲಿನಿಕ್ಕಿನ ವೈದ್ಯರ ಶುಲ್ಕವನ್ನು ಭರಿಸುವ ಮೆಡಿಕೇರ್ ಫೆಡರಲ್ ಸರಕಾರದ್ದು. ಸರಕಾರಿ ಆಸ್ಪತ್ರೆಗಳನ್ನು ನಡೆಸುವುದು ರಾಜ್ಯ, ಹಣದಲ್ಲಿ ಒಂದು ಪಾಲು ಕ್ಯಾನ್‌ಬೆರಾದ್ದು. ತುರ್ತು ವಿಭಾಗದಲ್ಲಿ ಜನ ಗಂಟೆಗಟ್ಟಲೆ ಕಾದರೆ, "ಕೇಂದ್ರ ಹಣ ಕೊಡುತ್ತಿಲ್ಲ" ಎಂದು ರಾಜ್ಯ, "ರಾಜ್ಯಕ್ಕೆ ನಡೆಸಲು ಬರುವುದಿಲ್ಲ" ಎಂದು ಕೇಂದ್ರ. ಈ ಹಾಡು ನಿನಗೆ ಹೊಸದೇನಲ್ಲ. ಇದರ ಬೇರು 1942ರಲ್ಲಿದೆ. ಯುದ್ಧದ ನೆಪದಲ್ಲಿ ಆದಾಯ ತೆರಿಗೆಯನ್ನು ಕೇಂದ್ರ ತನ್ನ ಕೈಗೆ ತೆಗೆದುಕೊಂಡಿತು, ಯುದ್ಧ ಮುಗಿದ ಮೇಲೆ ಹಿಂದಿರುಗಿಸಲಿಲ್ಲ. 2000ದ ಜುಲೈನಿಂದ ಇರುವ ಶೇಕಡಾ 10ರ ಜಿಎಸ್‌ಟಿಯನ್ನೂ ಕೇಂದ್ರವೇ ವಸೂಲಿ ಮಾಡಿ ರಾಜ್ಯಗಳಿಗೆ ಹಂಚುತ್ತದೆ. ಯಾರಿಗೆ ಎಷ್ಟು ಎಂಬ ಜಗಳ ಪ್ರತಿ ವರ್ಷವೂ ಇದೆ. ಕರ್ನಾಟಕದವಳಿಗೆ ಅದನ್ನು ವಿವರಿಸಬೇಕಾಗಿಲ್ಲ.

ಒಂದು ಸಂಗತಿ ಮಾತ್ರ ತಿಳಿದಿರಲಿ. ಮೆಡಿಕೇರ್ ಕಾರ್ಡ್ ಇದ್ದ ಮಾತ್ರಕ್ಕೆ ಆಂಬುಲೆನ್ಸ್ ಉಚಿತವಲ್ಲ. ಆಂಬುಲೆನ್ಸ್ ರಾಜ್ಯದ ಸೇವೆ. ಕ್ವೀನ್ಸ್‌ಲ್ಯಾಂಡ್ ತನ್ನ ನಿವಾಸಿಗಳಿಂದ ಹಣ ಕೇಳುವುದಿಲ್ಲ, ವಿಕ್ಟೋರಿಯಾ ಕೇಳುತ್ತದೆ. ನನ್ನ ಪರಿಚಯದ ಒಂದು ಕುಟುಂಬ ಎದೆನೋವೆಂದು ಹದಿನೈದು ನಿಮಿಷದ ದಾರಿಗೆ ಸಾವಿರಕ್ಕೂ ಹೆಚ್ಚು ಡಾಲರ್ ಕಟ್ಟಿತು. ಎದೆನೋವು ವಾಯುವಿನದಾಗಿತ್ತು.

ಮೂರನೆಯ ಕಾಗದದ ಕೌನ್ಸಿಲ್‌ಗೆ ಬರುತ್ತೇನೆ. ಕಸ, ಗ್ರಂಥಾಲಯ, ಉದ್ಯಾನ, ನಾಯಿಯ ನೋಂದಣಿ, ಮನೆ ಮುಂದಿನ ಹುಲ್ಲಿನ ಪಟ್ಟಿಯ ಮರ, ಎಳೆಮಕ್ಕಳನ್ನು ನೋಡುವ ದಾದಿ, ಇವೆಲ್ಲ ಅವರ ಕೈಯಲ್ಲಿವೆ. ದಿನನಿತ್ಯ ನಿನಗೆ ಕಾಣುವ ಸರಕಾರ ಇದೇ. ವಿಚಿತ್ರವೆಂದರೆ ಈ ದೇಶದ ಸಂವಿಧಾನದಲ್ಲಿ ಕೌನ್ಸಿಲ್ ಎಂಬುದರ ಸುಳಿವೇ ಇಲ್ಲ. ಸೇರಿಸಬೇಕೆಂದು 1974ರಲ್ಲಿಯೂ 1988ರಲ್ಲಿಯೂ ಜನಮತ ಕೇಳಿದರು; ಎರಡು ಸಲವೂ ಜನ ಬೇಡವೆಂದರು. ಹಾಗಾಗಿ ಕೌನ್ಸಿಲ್ ರಾಜ್ಯ ಸರಕಾರದ ಕೂಸು. 1990ರ ದಶಕದಲ್ಲಿ ಇಲ್ಲಿನ ಮುಖ್ಯಮಂತ್ರಿಯಾಗಿದ್ದ ಜೆಫ್ ಕೆನೆಟ್ ಅವರ ಸರಕಾರ ವಿಕ್ಟೋರಿಯಾದ 210 ಕೌನ್ಸಿಲ್‌ಗಳನ್ನು ಕಲಸಿ 78 ಮಾಡಿಬಿಟ್ಟಿತು, ಸಂವಿಧಾನದ ಅಡ್ಡಿ ಏನೂ ಬರಲಿಲ್ಲ. ನಮ್ಮಲ್ಲಿ 73 ಮತ್ತು 74ನೆಯ ತಿದ್ದುಪಡಿಗಳಿಂದ ಪಂಚಾಯಿತಿ, ಪಾಲಿಕೆಗಳಿಗೆ ಸಂವಿಧಾನದ ರಕ್ಷಣೆಯೇ ಇದೆ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆಂದು ಬರೆದಿದೆ. ಆದರೂ ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಾಗಲಿಲ್ಲ. ಇಲ್ಲಿ ಯಾವ ರಕ್ಷಣೆಯೂ ಇಲ್ಲದ ಕೌನ್ಸಿಲ್‌ಗೆ ನಾಲ್ಕು ವರ್ಷಕ್ಕೊಮ್ಮೆ ಅಕ್ಟೋಬರ್‌ನಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ಅಂದಹಾಗೆ, ಮನೆ ಕೊಂಡು ಕೌನ್ಸಿಲ್ ತೆರಿಗೆ ಕಟ್ಟಲು ತೊಡಗಿದರೆ ಪೌರತ್ವ ಸಿಗುವ ಮೊದಲೇ ಈ ಒಂದು ಚುನಾವಣೆಗೆ ಅರ್ಜಿ ಹಾಕಿ ಹೆಸರು ಸೇರಿಸಿಕೊಳ್ಳಬಹುದು. ಉಳಿದ ಎರಡಕ್ಕೆ ಪೌರತ್ವ ಬೇಕು. ಅದು ಬಂದ ಮೇಲೆ ಮತ ಹಾಕುವುದು ಕಡ್ಡಾಯ. ಫೆಡರಲ್ ಚುನಾವಣೆಯಲ್ಲಿ ತಪ್ಪಿಸಿಕೊಂಡರೆ 20 ಡಾಲರ್ ದಂಡ.

ವೀಸಾದ ಭಯದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. "ಮಂತ್ರಿಗೆ ಮನಸ್ಸು ಬಂದರೆ ನಮ್ಮನ್ನು ಏನು ಬೇಕಾದರೂ ಮಾಡಬಹುದಂತೆ" ಎಂದು ಯಾರೋ ನಿನ್ನನ್ನು ಹೆದರಿಸಿದ್ದಾರೆ. ವಲಸೆ ಮಂತ್ರಿಯ ಅಧಿಕಾರ ದೊಡ್ಡದು, ನಿಜ. ಇಲ್ಲಿಯೂ ಮಂತ್ರಿಗಳು ಸಂಸತ್ತಿನೊಳಗಿನವರೇ, ಆದ್ದರಿಂದ ಶಾಸಕಾಂಗ ಮತ್ತು ಕಾರ್ಯಾಂಗದ ನಡುವಿನ ಗೋಡೆ ತೆಳ್ಳಗಿದೆ. ಗಟ್ಟಿ ಗೋಡೆ ಇರುವುದು ನ್ಯಾಯಾಲಯದ ಸುತ್ತ. ಇಲ್ಲಿ ಅತ್ಯುನ್ನತ ನ್ಯಾಯಾಲಯದ ಹೆಸರು ಹೈಕೋರ್ಟ್. ಪ್ರತಿ ರಾಜ್ಯದಲ್ಲಿಯೂ ಇರುವ ಸುಪ್ರೀಂ ಕೋರ್ಟ್ ಅದರ ಕೆಳಗೆ. ನಮ್ಮವರೆಲ್ಲರೂ ಒಮ್ಮೆಯಾದರೂ ಇದರಲ್ಲಿ ಎಡವುತ್ತಾರೆ.

ಹೈಕೋರ್ಟಿನ ಏಳು ನ್ಯಾಯಮೂರ್ತಿಗಳು 2023ರ ನವೆಂಬರ್‌ನಲ್ಲಿ ಒಂದು ಆದೇಶ ಕೊಟ್ಟರು. ವೀಸಾ ಇಲ್ಲದ, ಯಾವ ದೇಶಕ್ಕೂ ಕಳುಹಿಸಲಾಗದ ವ್ಯಕ್ತಿಯನ್ನು ಸರಕಾರ ಕೊನೆಯಿಲ್ಲದೆ ಕೂಡಿಹಾಕಬಹುದೇ ಎಂಬುದು ಪ್ರಶ್ನೆ. 2004ರಲ್ಲಿ ಇದೇ ನ್ಯಾಯಾಲಯ ಹೌದು ಎಂದಿತ್ತು. ಈ ಸಲ ಇಲ್ಲ ಎಂದಿತು: ಶಿಕ್ಷೆ ವಿಧಿಸುವುದು ನ್ಯಾಯಾಲಯದ ಕೆಲಸ, ಕಳುಹಿಸುವ ದಾರಿಯೇ ಇಲ್ಲದಾಗ ಬಂಧನವೆಂಬುದು ಶಿಕ್ಷೆಯೇ, ಅದನ್ನು ಮಂತ್ರಿ ವಿಧಿಸುವಂತಿಲ್ಲ. ನೂರಕ್ಕೂ ಹೆಚ್ಚು ಜನ ಹೊರಗೆ ಬಂದರು. ಅವರಲ್ಲಿ ಘೋರ ಅಪರಾಧ ಮಾಡಿ ಜೈಲು ಮುಗಿಸಿದವರೂ ಇದ್ದರು, ಹಾಗಾಗಿ ಗದ್ದಲವೆದ್ದಿತು. ಕೆಲವೇ ದಿನಗಳಲ್ಲಿ ಸಂಸತ್ತು ಕಾಲಿಗೆ ನಿಗಾ ಪಟ್ಟಿ, ರಾತ್ರಿ ಕರ್ಫ್ಯೂ ಎಂದು ಹೊಸ ಕಾನೂನು ತಂದಿತು. ಮರುವರ್ಷ ನವೆಂಬರ್‌ನಲ್ಲಿ ಅದೂ ಶಿಕ್ಷೆಯೇ ಎಂದು ನ್ಯಾಯಾಲಯ ಹೊಡೆದುಹಾಕಿತು. ಸರಕಾರ ಮತ್ತೆ ಹೊಸ ನಿಯಮ ಬರೆಯಿತು. ಈ ಹಗ್ಗಜಗ್ಗಾಟ ನೋಡುವವರಿಗೆ ಸುಸ್ತಾಗಬಹುದು. ಆದರೆ ಆ ಜನರ ಪರವಾಗಿ ಯಾವ ಪಕ್ಷವೂ ಮತ ಕೇಳುವ ಹಾಗಿರಲಿಲ್ಲ, ಅವರಿಗೆ ಮತವೂ ಇರಲಿಲ್ಲ. ಅವರ ಮಾತಿಗೆ ಕಿವಿಗೊಟ್ಟದ್ದು ಆ ಏಳು ಜನ ಮಾತ್ರ. ನಿನ್ನ ಪ್ರಕರಣ ಇದಲ್ಲವೇ ಅಲ್ಲ, ನೀನು ಕಾಯಂ ನಿವಾಸಿ. ಅದಕ್ಕೇ ಹೇಳಿದ್ದು, ನಿದ್ದೆ ಕೆಡಿಸಿಕೊಳ್ಳಬೇಡ.

ಶಾಸಕರ ಪ್ರಶ್ನೆಗೆ ಉತ್ತರ: ಒಬ್ಬರ ಬದಲು ಹಲವರಿದ್ದಾರೆ. ವೀಸಾ, ತೆರಿಗೆ, ಮೆಡಿಕೇರ್ ಸಿಕ್ಕಿಕೊಂಡರೆ ಫೆಡರಲ್ ಸಂಸದರ ಕಚೇರಿ, ಶಾಲೆ, ರೈಲು, ಆಸ್ಪತ್ರೆಯಾದರೆ ರಾಜ್ಯದ ಸದಸ್ಯರು, ಕಸಕ್ಕೆ ಕೌನ್ಸಿಲರ್. ಮತದಾರಳಲ್ಲದಿದ್ದರೂ ಆ ಕ್ಷೇತ್ರದಲ್ಲಿ ವಾಸಿಸುತ್ತಿದ್ದರೆ ಸಾಕು, ಮಿಂಚಂಚೆಗೆ ಉತ್ತರ ಬರುತ್ತದೆ. ಎರಡು ಪುಟ ಬರೆಯಬೇಡ, ಹೂಹಾರದ ಅಗತ್ಯವೂ ಇಲ್ಲ.

ಮೊದಲ ಕಾಗದದಲ್ಲಿರುವುದು ತೆರಿಗೆ ಸಂಖ್ಯೆ. ಅದನ್ನು ಜೋಪಾನವಾಗಿಡು, ಗಂಡನ ಕಚೇರಿಗೆ ಮತ್ತು ಬ್ಯಾಂಕಿಗೆ ಬಿಟ್ಟು ಬೇರೆಯವರಿಗೆ ಹೇಳಬೇಡ. ಎರಡನೆಯದು ಚಾಲನಾ ಪರವಾನಗಿ ಬದಲಾಯಿಸುವ ಬಗ್ಗೆ. ಅದಕ್ಕೆ ಕಾಲಮಿತಿ ಇದೆ, ಮುಂದೂಡಬೇಡ. ಮೂರನೆಯದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸು. ಆಂಬುಲೆನ್ಸ್ ಬಿಲ್ಲಿನಿಂದ ಪಾರಾಗಲು ಹಣ ಕಟ್ಟಿ ಪಡೆಯುವ ಆಂಬುಲೆನ್ಸ್ ಸದಸ್ಯತ್ವವನ್ನು ಮಾತ್ರ ಈ ವಾರವೇ ಮಾಡಿಸು.