ಎಂಜಿನ್ ಬಲಿತಿದೆ, ಗೇರ್‌ಬಾಕ್ಸ್ ತಾಳೀತೇ?

ಪ್ರಶ್ನೆ: 1960ರ ದಶಕದ ಹಿಂಚಕ್ರ ಚಾಲನೆಯ ಕೂಪೆ ಕಾರಿಗೆ ಫೋರ್ಡ್ ಮಸ್ಟಾಂಗಿನ ಐದು ಗೇರಿನ ಬೋರ್ಗ್-ವಾರ್ನರ್ ಟಿ-5 ಗೇರ್‌ಬಾಕ್ಸ್ ಕೂರಿಸಿದ್ದೇನೆ. ಹೊಸದಾಗಿ ಕಟ್ಟಿಸಿದ ಎಂಜಿನ್ ಈಗ 420 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತಿದೆ. ಒಂದನೇ ಗೇರಿನಲ್ಲಿ ನಾನು ಎಂದೂ ಜೋರು ಮಾಡುವುದಿಲ್ಲ. ಹಾಗಾದರೆ ಗೇರ್‌ಬಾಕ್ಸ್ ತಾಳುತ್ತದಲ್ಲವೇ?

ಉತ್ತರ: ನೀವು ಜೋಪಾನ ಮಾಡುತ್ತಿರುವುದು ತಪ್ಪು ಗೇರನ್ನು. ಟಿ-5ನಲ್ಲಿ ಮೊದಲು ಹಲ್ಲು ಉದುರುವುದು ಸಾಮಾನ್ಯವಾಗಿ ಮೂರನೇ ಗೇರಿಗೆ.

ಮೊದಲು ನಿಮ್ಮದು ಯಾವ ಟಿ-5 ಎಂದು ನೋಡಿಕೊಳ್ಳಿ. ಹಿಂದಿನ ಟೇಲ್ ಹೌಸಿಂಗ್‌ನ ಬೋಲ್ಟ್ ಒಂದಕ್ಕೆ 1352 ಎಂದು ಶುರುವಾಗುವ ಸಂಖ್ಯೆಯ ಲೋಹದ ಬಿಲ್ಲೆ ಇರುತ್ತದೆ. ಅದು ಇದ್ದರೆ ಅರ್ಧ ಕೆಲಸ ಮುಗಿಯಿತು. 1980ರ ದಶಕದ ಮಧ್ಯದ ವಿ8 ಮಸ್ಟಾಂಗಿನ ಟಿ-5ಗೆ ಕಂಪನಿ ಕೊಟ್ಟ ಮಿತಿ 265 ಪೌಂಡ್-ಅಡಿ, ಅಂದರೆ 359 ನ್ಯೂಟನ್ ಮೀಟರ್. 1990ರ ನಂತರದವಕ್ಕೆ 300 (407), ಬಿಡಿಯಾಗಿ ಮಾರಿದ ‘ಜಡ್’ ಮಾದರಿಗೆ 330 (447). ನಿಮ್ಮ 420ಕ್ಕೆ ಕಾಗದದ ಮೇಲೆ ಸಲ್ಲುವುದು ಕೊನೆಯದೊಂದೇ.

ಆದರೆ ಗೇರ್‌ಬಾಕ್ಸ್ ಒಳಗೆ ಬೀಳುವ ಹೊರೆಯನ್ನು ತೀರ್ಮಾನಿಸುವುದು ಎಂಜಿನ್ ಅಂಕಿಯೊಂದೇ ಅಲ್ಲ. ಟೈರಿನ ಹಿಡಿತವೂ ಹೌದು. ಲೆಕ್ಕ ಹಾಕಿ ನೋಡೋಣ. ವೇಗ ಹೆಚ್ಚಿಸುವಾಗ ಹಿಂದಿನ ಆಕ್ಸಲ್ ಮೇಲೆ 850 ಕೆ.ಜಿ. ಭಾರ, ಟೈರಿನ ತ್ರಿಜ್ಯ 0.31 ಮೀಟರ್, ಘರ್ಷಣಾಂಕ 1 ಎಂದಿಟ್ಟುಕೊಂಡರೆ ಚಕ್ರದ ಬಳಿ 2,585 ನ್ಯೂಟನ್ ಮೀಟರ್ ಬಂದಾಗ ಟೈರ್ ಜಾರುತ್ತದೆ. ಡಿಫರೆನ್ಷಿಯಲ್ (ಹಿಂಚಕ್ರಗಳ ನಡುವಿನ ಗೇರು) ಅನುಪಾತ 3.55 ಇದ್ದರೆ ಗೇರ್‌ಬಾಕ್ಸಿನ ಹಿಂತುದಿಯಲ್ಲಿ ಅದು 728. ಒಂದನೇ ಗೇರ್ 3.35 ಆದ್ದರಿಂದ ಇನ್‌ಪುಟ್ ಶಾಫ್ಟಿನಲ್ಲಿ (ಎಂಜಿನ್ ಬಲ ಗೇರ್‌ಬಾಕ್ಸಿಗೆ ಒಳಬರುವ ದಂಡ) 217ಕ್ಕೇ ಟೈರ್ ಕೈಬಿಡುತ್ತದೆ. ನಿಮ್ಮ 420ರಲ್ಲಿ ಅರ್ಧದಷ್ಟು ಮಾತ್ರ ಗೇರಿಗೆ ತಟ್ಟುತ್ತದೆ. ಮೂರನೇ ಗೇರ್ 1.29, ಅಲ್ಲಿ ಟೈರ್ ಜಾರಲು 564 ಬೇಕು. ನಿಮ್ಮ ಎಂಜಿನ್ ಅಷ್ಟು ಕೊಡುವುದಿಲ್ಲ, ಹಾಗಾಗಿ ಪೂರ್ತಿ 420 ಹಲ್ಲುಗಳ ಮೇಲೇ ಬೀಳುತ್ತದೆ. ಒಂದನೇ ಗೇರನ್ನು ಕಾಯುವ ಟೈರು ಮೂರನೇ ಗೇರನ್ನು ಕಾಯುವುದಿಲ್ಲ.

ಸಾಲದ್ದಕ್ಕೆ ಮೂರನೇ ಗೇರ್ ಕೂತಿರುವ ಜಾಗವೂ ಒಳ್ಳೆಯದಲ್ಲ. ಶಾಫ್ಟುಗಳಿಗೆ ಆಧಾರ ಕೇಸಿನ ಎರಡು ತುದಿಗಳ ಬೇರಿಂಗ್‌ಗಳಲ್ಲಿ. ಈ ಗೇರ್ ನಡುವಿನತ್ತ. ಓರೆಹಲ್ಲಿನ ಗೇರುಗಳು ಹೊರೆ ಬಿದ್ದಾಗ ಒಂದನ್ನೊಂದು ದೂರ ತಳ್ಳುತ್ತವೆ. ಶಾಫ್ಟ್ ಅಷ್ಟಿಷ್ಟು ಬಾಗಿ, ಅಲ್ಯೂಮಿನಿಯಂ ಕೇಸೂ ಹಿಗ್ಗಿ, ಹಲ್ಲಿನ ಪೂರ್ತಿ ಅಗಲಕ್ಕೆ ಹಂಚಬೇಕಿದ್ದ ಹೊರೆ ಒಂದು ಅಂಚಿಗೆ ಸೇರುತ್ತದೆ. ಅಲ್ಲಿಂದಲೇ ಚೂರು ಹಾರುವುದು. ನಾಲ್ಕನೇ ಗೇರ್ ನೇರ ಜೋಡಣೆ. ಆಗ ‘ಲೇ ಶಾಫ್ಟ್’ (ಉಳಿದ ಗೇರುಗಳಿಗೆ ಬಲ ದಾಟಿಸುವ ಪಕ್ಕದ ದಂಡ) ಹೊರೆಯಿಲ್ಲದೆ ಸುಮ್ಮನೆ ತಿರುಗುತ್ತಿರುತ್ತದೆ, ಆದ್ದರಿಂದ ಎಳೆಯುವುದಿದ್ದರೆ ನಾಲ್ಕರಲ್ಲಿ ಎಳೆಯಿರಿ. ಐದನೇ ಗೇರ್ ಮುಖ್ಯ ಕೇಸಿನ ಹಿಂಗೋಡೆಯ ಆಚೆ ಚಾಚಿಕೊಂಡಿದೆ. 1,500 ಆರ್‌ಪಿಎಮ್‌ನಲ್ಲಿ ಐದಕ್ಕೆ ಹಾಕಿ ಆಕ್ಸಿಲರೇಟರ್ ಪೂರ್ತಿ ತುಳಿಯುವ ಚಾಳಿ ಇದ್ದರೆ ಬಿಡಿ.

ಬೀದಿ ಟೈರು, ಎರಡರಿಂದ ಮೂರಕ್ಕೆ ಹಾಕುವಾಗ ಕಾಲು ಪೂರ್ತಿ ಎತ್ತುವ ಅಭ್ಯಾಸ: ಇವೆರಡಿದ್ದರೆ ‘ಜಡ್’ ಮಾದರಿ ನಿಮ್ಮ ಎಂಜಿನ್‌ಗೆ ಸಾಕು. ಹಳೆಯ 265ರ ಮಾದರಿಯಾಗಿದ್ದರೆ ಅದಕ್ಕೆ ಹಣ ಹಾಕಿ ರಿಪೇರಿ ಮಾಡಿಸುವುದು ವ್ಯರ್ಥ.

ಪ್ರಶ್ನೆ: ಹೇಗೂ ಬಿಚ್ಚುತ್ತಿದ್ದೇವೆ ಎಂದು 900 ನ್ಯೂಟನ್ ಮೀಟರ್ ಹಿಡಿಯುವ, ಸ್ಪ್ರಿಂಗ್ ಇಲ್ಲದ ಆರು ಬಿಲ್ಲೆಯ ರೇಸ್ ಕ್ಲಚ್ ಹಾಕಿಬಿಡಲೇ? ಎಂಜಿನ್ ಟಾರ್ಕ್ 400ರ ಆಸುಪಾಸು.

ಉತ್ತರ: ಬೇಡ. ಕ್ಲಚ್ ನಿಮ್ಮ ಗೇರ್‌ಬಾಕ್ಸಿನ ಫ್ಯೂಸ್. 4,000 ಆರ್‌ಪಿಎಮ್‌ನಲ್ಲಿ ಪೆಡಲ್ ಥಟ್ಟನೆ ಬಿಟ್ಟಾಗ ಎಂಜಿನ್ ಟಾರ್ಕಿನ ಜೊತೆಗೆ ಫ್ಲೈವೀಲಿನಲ್ಲಿ ಕೂಡಿಟ್ಟ ಶಕ್ತಿಯೂ ನುಗ್ಗುತ್ತದೆ. ಆ ಹೊಡೆತ ಎಷ್ಟರವರೆಗೆ ಏರಬಹುದು ಎಂಬುದು ಕ್ಲಚ್ ಎಲ್ಲಿ ಜಾರುತ್ತದೆ ಎಂಬುದರ ಮೇಲಿದೆ. ಎಂಜಿನ್ ಟಾರ್ಕಿಗಿಂತ ನೂರಕ್ಕೆ 20ರಿಂದ 30 ಹೆಚ್ಚು, ಅಂದರೆ 480ರಿಂದ 520 ಹಿಡಿಯುವ ಕ್ಲಚ್ ಸಾಕು. ನಡುವೆ ಡ್ಯಾಂಪರ್ ಸ್ಪ್ರಿಂಗ್ ಇರುವ ಪ್ಲೇಟನ್ನೇ ಕೊಳ್ಳಿ.

ಪ್ರಶ್ನೆ: ಬೇರೆ ಕಂಪನಿಯ ಬೆಲ್ ಹೌಸಿಂಗ್ (ಎಂಜಿನ್‌ಗೂ ಗೇರ್‌ಬಾಕ್ಸಿಗೂ ನಡುವಿನ ಗಂಟೆಯಾಕಾರದ ಕವಚ) ಹಾಕಿದಂದಿನಿಂದ ಇನ್‌ಪುಟ್ ಬೇರಿಂಗ್ ಎರಡು ಸಲ ಹೋಯಿತು. ನಾಲ್ಕನೇ ಗೇರ್ ತಾನಾಗಿ ಜಾರಿ ನ್ಯೂಟ್ರಲ್‌ಗೆ ಬರುತ್ತದೆ. ಗೇರ್‌ಬಾಕ್ಸ್ ಬಿಚ್ಚಿ ನೋಡಿದರೆ ಒಳಗೆ ಎಲ್ಲವೂ ಸರಿಯಾಗಿದೆ.

ಉತ್ತರ: ದೋಷ ಗೇರ್‌ಬಾಕ್ಸಿನ ಹೊರಗಿದೆ. ಇನ್‌ಪುಟ್ ಶಾಫ್ಟ್ ಮತ್ತು ಮೇನ್ ಶಾಫ್ಟ್ ಎರಡು ಬೇರೆ ಬೇರೆ ತುಂಡು. ನಾಲ್ಕನೇ ಗೇರಿನಲ್ಲಿ ಅವನ್ನು ಸ್ಲೀವ್ (ಜಾರಿ ಕೂಡುವ ಬಳೆ) ಒಂದಾಗಿ ಹಿಡಿದಿರುತ್ತದೆ. ಕ್ರ್ಯಾಂಕಿನ (ಎಂಜಿನ್‌ನ ಮುಖ್ಯ ತಿರುಗು ದಂಡ) ಮಧ್ಯಕ್ಕೂ ಗೇರ್‌ಬಾಕ್ಸಿನ ಮಧ್ಯಕ್ಕೂ ಸಾಲು ತಪ್ಪಿದ್ದರೆ ಪ್ರತಿ ಸುತ್ತಿಗೂ ಸ್ಲೀವ್ ಕೂದಲೆಳೆಯಷ್ಟು ತೆವಳಿ ತೆವಳಿ ಕಳಚಿಕೊಳ್ಳುತ್ತದೆ. ಬೇರಿಂಗ್ ತಿಂದುಹಾಕಿದ್ದೂ ಅದೇ.

ಅಳೆಯುವುದು ಹೀಗೆ. ಗೇರ್‌ಬಾಕ್ಸ್, ಕ್ಲಚ್ ತೆಗೆದು ಬೆಲ್ ಹೌಸಿಂಗನ್ನು ಮಾತ್ರ ಬಿಗಿಯಿರಿ. ಎಂಜಿನ್ ಹಿಂಬದಿಯ ಮುಖವನ್ನೂ ಹೌಸಿಂಗ್ ಮುಖವನ್ನೂ ಮೊದಲು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ. ಬಣ್ಣದ ಪದರ, ಎದ್ದ ಮುಳ್ಳು ಇದ್ದರೆ ಅರದಿಂದ ತೆಗೆಯಿರಿ. ಮ್ಯಾಗ್ನೆಟ್ ಬುಡದ ಡಯಲ್ ಗೇಜನ್ನು ಫ್ಲೈವೀಲಿಗೆ ಅಂಟಿಸಿ, ಅದರ ಮೊನೆಯನ್ನು ಹೌಸಿಂಗ್‌ನ ನಡುವಿನ ದೊಡ್ಡ ರಂಧ್ರದ ಒಳಗೋಡೆಗೆ ತಾಗಿಸಿ. ಸ್ಪಾರ್ಕ್ ಪ್ಲಗ್‌ಗಳನ್ನು ಕಳಚಿದರೆ ಕ್ರ್ಯಾಂಕ್ ಹಗುರಾಗಿ ತಿರುಗುತ್ತದೆ. ಮೇಲೆ ಸೊನ್ನೆ ಮಾಡಿಕೊಂಡು ಬಲ, ಕೆಳಗೆ, ಎಡ ಎಂದು ಓದಿ ಬರೆದುಕೊಳ್ಳಿ; ಮತ್ತೆ ಮೇಲೆ ಬಂದಾಗ ಸೊನ್ನೆಯೇ ಬರಬೇಕು. ಬರದಿದ್ದರೆ ಗೇಜ್ ಅಲುಗಿದೆ, ಮೊದಲಿಂದ ಅಳೆಯಿರಿ.

ಒಟ್ಟು ವ್ಯತ್ಯಾಸ 0.13 ಮಿ.ಮೀ. ದಾಟಬಾರದು. ಕೆಳಗೆ 0.60 ಬಂತು, ಎಡ-ಬಲ ಸಮ ಇದೆ ಎನ್ನಿ. ನಿಜವಾಗಿ ಸರಿದಿರುವುದು ಅದರ ಅರ್ಧ, 0.30. ಕೆಳಗೆ ಗೇಜ್ ಹೆಚ್ಚು ಒತ್ತಿದೆ ಎಂದರೆ ಕೆಳಗೋಡೆ ಹತ್ತಿರ ಇದೆ, ಅಂದರೆ ಹೌಸಿಂಗ್ ಮೇಲೆ ಸರಿದಿದೆ, ಅದನ್ನು ಕೆಳಗಿಳಿಸಬೇಕು. ಇದಕ್ಕೆಂದೇ ಮಧ್ಯ ತಪ್ಪಿಸಿ ಕಡೆದ ಡೋವೆಲ್ ಪಿನ್ನುಗಳು (ಹೌಸಿಂಗನ್ನು ಎಂಜಿನ್ ಮೇಲೆ ಸರಿಜಾಗದಲ್ಲಿ ಕೂರಿಸುವ ಗೂಟಗಳು) 0.18, 0.36, 0.53 ಮಿ.ಮೀ.ನಲ್ಲಿ ಸಿಗುತ್ತವೆ. 0.36ರ ಜೋಡಿ ಹಾಕಿದರೆ 0.06 ಉಳಿಯುತ್ತದೆ, ಗೇಜಿನಲ್ಲಿ 0.12 ತೋರಿಸುತ್ತದೆ. ಸರಿಹೋಯಿತು. ಎರಡು ಡೋವೆಲ್‌ಗಳ ಗೀರೂ ಒಂದೇ ದಿಕ್ಕಿಗಿರಲಿ.

ಆಮೇಲೆ ಮೊನೆಯನ್ನು ಹೌಸಿಂಗ್‌ನ ಹಿಂಮುಖಕ್ಕೆ ಇಟ್ಟು ಅದೂ ಚೌಕವಾಗಿದೆಯೇ ನೋಡಿ, ಇಲ್ಲೂ 0.13ರ ಮಿತಿಯೇ. ತಿರುಗಿಸುವಾಗ ಕ್ರ್ಯಾಂಕನ್ನು ಒಂದೇ ಕಡೆಗೆ ಒತ್ತಿ ಹಿಡಿದಿರಬೇಕು, ಇಲ್ಲವಾದರೆ ಅದರ ಹಿಂದು-ಮುಂದಿನ ಆಟವೇ ಗೇಜಿನಲ್ಲಿ ಬರುತ್ತದೆ. ಗೇರ್‌ಬಾಕ್ಸ್ ಏರಿಸುವಾಗ ಅದು ಇನ್‌ಪುಟ್ ಶಾಫ್ಟಿನ ಮೇಲೆ ಜೋತಾಡದಂತೆ ಜಾಕ್ ಕೊಡಿ. ಕೊನೆಯ ಒಂದು ಸೆಂಟಿಮೀಟರ್ ಒಳಗೆ ಹೋಗದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ. ಕ್ರ್ಯಾಂಕಿನ ಹಿಂತುದಿಯ ಪೈಲಟ್ ಬೇರಿಂಗಿಗೆ ಇನ್‌ಪುಟ್ ಶಾಫ್ಟಿನ ತುದಿ ಕೂತಿಲ್ಲ ಎಂದೇ ಅರ್ಥ. ಎಳೆದರೆ ಕೇಸಿನ ಕಿವಿ ಒಡೆಯುತ್ತದೆ.

ಪ್ರಶ್ನೆ: ಬಲ ಹೆಚ್ಚಾಯಿತೆಂದು ಹಿತ್ತಾಳೆ ಸಿಂಕ್ರೊ (ಗೇರ್ ಕೂಡುವ ಮುನ್ನ ವೇಗ ಸಮ ಮಾಡುವ ರಿಂಗ್) ಇರುವ ಹಳೆಯ ನಾಲ್ಕು ಗೇರಿನ ಬಾಕ್ಸಿಗೆ ಜಿಎಲ್-5 ದರ್ಜೆಯ, 85ಡಬ್ಲ್ಯು-140 ದಪ್ಪದ ಆಯಿಲ್ ತುಂಬಿದೆ. ಈಗ ಎರಡನೇ ಗೇರಿಗೆ ಹಾಕುವಾಗ ಕರ್ರ್ ಎನ್ನುತ್ತದೆ.

ಉತ್ತರ: ಡಿಫರೆನ್ಷಿಯಲ್‌ಗೆ ಹಾಕುವ ಆಯಿಲನ್ನು ಗೇರ್‌ಬಾಕ್ಸಿಗೆ ಹಾಕಿದ್ದೀರಿ. ಸಿಂಕ್ರೊ ರಿಂಗ್ ಕೆಲಸ ಮಾಡುವುದು ಕೋನಿನ ಮೇಲಿನ ಆಯಿಲ್ ಪದರವನ್ನು ಕತ್ತರಿಸಿ ಹಿಡಿದಾಗ. ಆಯಿಲ್ ಅತಿ ದಪ್ಪವಾದರೆ, ಅತಿ ಜಾರಾದರೆ ರಿಂಗ್ ಹಿಡಿಯುವುದಿಲ್ಲ. ಜಿಎಲ್-5ನಲ್ಲಿ ಗಂಧಕ-ರಂಜಕದ ಸೇರ್ಪಡೆ ಜಿಎಲ್-4ಗಿಂತ ಹೆಚ್ಚು; ಹಿತ್ತಾಳೆ-ಕಂಚನ್ನು ರಕ್ಷಿಸುವಂತೆ ತಯಾರಿಸದ ಆಯಿಲ್ ಆಗಿದ್ದರೆ ಕಾಲಕ್ರಮೇಣ ರಿಂಗನ್ನೂ ತಿನ್ನುತ್ತದೆ. ಬಿಸಿ ಇರುವಾಗಲೇ ಪೂರ್ತಿ ಇಳಿಸಿ, ಕಂಪನಿ ಹೇಳಿದ ದಪ್ಪದ ಜಿಎಲ್-4 ತುಂಬಿ.

ಇಳಿಸಿದ ಆಯಿಲನ್ನು ಚೆಲ್ಲುವ ಮುನ್ನ ಬಿಸಿಲಿಗೆ ಹಿಡಿದು ನೋಡಿ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪಾದ ಲೇಪ ಸಹಜ. ಚಿನ್ನದ ಮಿನುಗು ಕಂಡರೆ ರಿಂಗ್ ಸವೆದಿದೆ. ಉಗುರಿಗೆ ತಾಗುವ ಉಕ್ಕಿನ ಚೂರು ಸಿಕ್ಕರೆ ಕಾರು ಓಡಿಸದೆ ಬಾಕ್ಸ್ ಬಿಚ್ಚಿ. ಬಿಚ್ಚಿದಾಗ ರಿಂಗನ್ನು ಕೋನಿಗೆ ಒತ್ತಿ, ರಿಂಗಿಗೂ ಗೇರಿನ ಸಣ್ಣ ಹಲ್ಲಿಗೂ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ ಅಳೆದು ಕೈಪಿಡಿಯ ಅಂಕಿಗೆ ಹೋಲಿಸಿ. ಸಂದು ಕಿರಿದಾದಷ್ಟೂ ರಿಂಗ್ ಮುಗಿದಿದೆ ಎಂದರ್ಥ.

(ಹಾಗೆಂದು ಜಿಎಲ್-4 ಎಲ್ಲಕ್ಕೂ ಮದ್ದಲ್ಲ. ‘ವರ್ಲ್ಡ್ ಕ್ಲಾಸ್’ ಟಿ-5ನಲ್ಲಿ ಬೇಕಾದದ್ದು ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್.)

ಪ್ರಶ್ನೆ: ನೇರಹಲ್ಲಿನ ಗೇರ್ ಸೆಟ್ ಓರೆಹಲ್ಲಿಗಿಂತ ಗಟ್ಟಿಯೇ?

ಉತ್ತರ: ಹಲ್ಲು ಗಟ್ಟಿ ಎನ್ನುವುದಕ್ಕಿಂತ ಕೇಸಿಗೆ ಹಗುರ. ಶಾಫ್ಟನ್ನು ಉದ್ದಕ್ಕೆ ತಳ್ಳುವ ಬಲ ಇಲ್ಲವಾಗುತ್ತದೆ. ಆದರೆ ಒಮ್ಮೆಗೆ ಕಚ್ಚಿಕೊಳ್ಳುವ ಹಲ್ಲುಗಳೂ ಕಡಿಮೆ, ಸದ್ದು ವಿಪರೀತ. ನಡುದಾರಿಯೂ ಉಂಟು: ಜನರಲ್ ಮೋಟರ್ಸ್‌ನ ಮನ್ಸಿ ಎಂ22ರಲ್ಲಿ ಹಲ್ಲಿನ ಓರೆಯನ್ನು ಕಡಿಮೆ ಮಾಡಿದ್ದರು. ಅದರ ಸದ್ದಿಗೆ ಬಿದ್ದ ಅಡ್ಡಹೆಸರು ‘ರಾಕ್ ಕ್ರಷರ್’, ಜಲ್ಲಿ ಮಾಡುವ ಯಂತ್ರ! ದಿನಬಳಕೆಯ ಕಾರಿಗೆ ನೇರಹಲ್ಲು ಬೇಡ.

ಪ್ರಶ್ನೆ: ಟಿ-5 ತೆಗೆದು ಟ್ರೆಮೆಕ್ ಟಿಕೆಎಕ್ಸ್ ಹಾಕುವುದೆಂದು ತೀರ್ಮಾನಿಸಿದ್ದೇನೆ. ಬಾಕ್ಸ್ ಬಿಟ್ಟು ಇನ್ನೇನೇನು ಬದಲಾಗುತ್ತದೆ?

ಉತ್ತರ: ಟಿಕೆಎಕ್ಸ್‌ನ ಮಿತಿ 600 ಪೌಂಡ್-ಅಡಿ, ಸುಮಾರು 813 ನ್ಯೂಟನ್ ಮೀಟರ್. ಬಾಕ್ಸಿನ ಚಿಂತೆ ಅಲ್ಲಿಗೆ ಮುಗಿಯಿತು. ಮಸ್ಟಾಂಗಿನ ಟಿ-5 ಇನ್‌ಪುಟ್ ಶಾಫ್ಟಿಗೆ 10 ಉದ್ದಗೀರು (ಸ್ಪ್ಲೈನ್), ಇದಕ್ಕೆ 26. ಹಾಗಾಗಿ ಹಳೆಯ ಕ್ಲಚ್ ಪ್ಲೇಟ್ ಕೂರುವುದಿಲ್ಲ. ಕ್ರಾಸ್ ಮೆಂಬರ್, ಸ್ಪೀಡೊಮೀಟರ್ ಗೇರ್ ನೋಡಿಕೊಳ್ಳಿ.

ಪ್ರೊಪೆಲ್ಲರ್ ಶಾಫ್ಟನ್ನು ಮಾತ್ರ ಬಾಕ್ಸ್ ಕೂರಿಸಿ, ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಅಳೆದು ಕತ್ತರಿಸಿ. ಸ್ಲಿಪ್ ಯೋಕ್ (ಗೇರ್‌ಬಾಕ್ಸಿನೊಳಗೆ ಜಾರುವ ಶಾಫ್ಟಿನ ಮುಂತುದಿ) ಪೂರ್ತಿ ಒಳಹೋದ ಜಾಗದಿಂದ 20ರಿಂದ 25 ಮಿ.ಮೀ. ಹೊರಗಿರಬೇಕು, ಅಷ್ಟು ಬಿಡದಿದ್ದರೆ ಹಳ್ಳಕ್ಕೆ ಇಳಿದಾಗ ಶಾಫ್ಟ್ ಮುಂದೆ ನುಗ್ಗಿ ಹಿಂಬೇರಿಂಗನ್ನು ಗುದ್ದುತ್ತದೆ. ಗೇರ್‌ಬಾಕ್ಸ್ ಹಿಂತುದಿ 3 ಡಿಗ್ರಿ ಕೆಳಗೆ ಬಾಗಿದ್ದರೆ ಡಿಫರೆನ್ಷಿಯಲ್ ಮೂತಿ 3 ಡಿಗ್ರಿ ಮೇಲೆ ನೋಡಬೇಕು. ಎರಡೂ ಯೂನಿವರ್ಸಲ್ ಜಾಯಿಂಟುಗಳ ಕೋನ 1ರಿಂದ 3 ಡಿಗ್ರಿಯೊಳಗಿದ್ದು, ಒಂದಕ್ಕೊಂದು 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರದಿದ್ದರೆ ನಡುಕ ಬರುವುದಿಲ್ಲ. ಇನ್ನು ಮುಂದೆ ಸದ್ದು ಬಂದರೆ ಕ್ರೌನ್-ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ಗೇರು ಜೋಡಿ) ಮತ್ತು ಆಕ್ಸಲ್ ಶಾಫ್ಟನ್ನು ಮೊದಲು ನೋಡಿ. ಹೊಡೆತ ಈಗ ಅಲ್ಲಿಗೆ ಹೋಗುತ್ತಿರುತ್ತದೆ.