ಎಂ.ಎಸ್. ಸೀಟು: ಸ್ವತಃ ಆಪರೇಷನ್ ಮಾಡುವ ಅವಕಾಶ ಎಲ್ಲಿ ಹೆಚ್ಚು?

ಜನರಲ್ ಸರ್ಜರಿ ಎಂ.ಎಸ್.ಗೆ (ಎಂ.ಬಿ.ಬಿ.ಎಸ್. ನಂತರದ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿಗೆ) ಹೆಸರಾಂತ ಖಾಸಗಿ ಕಾಲೇಜೋ, ಸರ್ಕಾರಿ ಕಾಲೇಜೋ ಎಂದು ಕೇಳಿದ್ದೀರಿ. ಸ್ವತಃ ಆಪರೇಷನ್ ಮಾಡುವ ಅವಕಾಶವೇ ನಿಮಗೆ ಮುಖ್ಯವಾದರೆ, ತುರ್ತು ಪ್ರಕರಣಗಳು ಹೆಚ್ಚಾಗಿ ಬರುವ ಸರ್ಕಾರಿ ಕಾಲೇಜನ್ನೇ ನಾನು ಸೂಚಿಸುತ್ತೇನೆ; ಏಕೆಂದರೆ ನಡುರಾತ್ರಿ ಬರುವ ಅಪೆಂಡಿಕ್ಸ್ ಅಥವಾ ಕರುಳು ತೂತಾದ ಪ್ರಕರಣಗಳಲ್ಲಿ ಮೇಲ್ವಿಚಾರಣೆಯಡಿ ಚಾಕು ಹಿಡಿಯುವ ಸರದಿ ಅಲ್ಲಿ ಬೇಗ ಬರುತ್ತದೆ. ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಮಾತ್ರ ಎಲ್ಲಿ ಸೇರಿದರೂ ಮೊದಲಿಗೆ ಕ್ಯಾಮೆರಾ ಹಿಡಿಯುವುದೇ ಕೆಲಸ (ಅದೂ ಕಲಿಕೆಯೇ, ಬೇಸರದ ಕಲಿಕೆ ಎನ್ನಿ), ಫೆಲೋಗಳಿರುವ (ಎಂ.ಎಸ್. ಮುಗಿಸಿ ಹೆಚ್ಚಿನ ತರಬೇತಿ ಪಡೆಯುತ್ತಿರುವ ವೈದ್ಯರಿರುವ) ವಿಭಾಗದಲ್ಲಂತೂ ಕ್ಲಿಷ್ಟ ಶಸ್ತ್ರಚಿಕಿತ್ಸೆಗಳು ಬಹುಮಟ್ಟಿಗೆ ಅವರ ಪಾಲಾಗುತ್ತವೆ.

ಸೀಟು ಆರಿಸುವ ಮುನ್ನ ಅಲ್ಲಿ ಎಂ.ಎಸ್. ಓದುತ್ತಿರುವ ಕೊನೆಯ ವರ್ಷದ ರೆಸಿಡೆಂಟ್‌ಗಳನ್ನು ಕಂಡು, ತಾವು ಪಾಲ್ಗೊಂಡ ಆಪರೇಷನ್‌ಗಳನ್ನು ದಾಖಲಿಸುವ ಅವರ ಲಾಗ್‌ಬುಕ್‌ನಲ್ಲಿ ಸಹಾಯಕರಾಗಿ ನಿಂತದ್ದೆಷ್ಟು, ಸ್ವತಃ ಮಾಡಿದ್ದೆಷ್ಟು ಎಂಬುದನ್ನು ಬೇರೆಬೇರೆಯಾಗಿ ವಿಚಾರಿಸಿ. 3ರಿಂದ 5ನೇ ಸೆಮಿಸ್ಟರ್ ನಡುವೆ ಬರುವ 3 ತಿಂಗಳ ಜಿಲ್ಲಾ ರೆಸಿಡೆನ್ಸಿಗೆ (ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿನ ಕಡ್ಡಾಯ ತರಬೇತಿಗೆ) ಯಾವ ಆಸ್ಪತ್ರೆಗೆ ಕಳುಹಿಸುತ್ತಾರೆ, ಅಲ್ಲಿ ಹರ್ನಿಯಾ, ಹೈಡ್ರೊಸೀಲ್‌ನಂಥವು ಕೈಗೆ ಸಿಗುತ್ತವೆಯೇ ಎಂಬುದನ್ನೂ ಕೇಳಿಕೊಳ್ಳಿ.