ಬೀಗರು ಕೊಟ್ಟ ಹಾಳೆ: ಹದಿಮೂರು ತಲೆಮಾರು

ಹಾವೇರಿಯ ಹಿರಿಯ ಓದುಗರೊಬ್ಬರ ಪತ್ರ. ಮಗಳು ಬಾಸ್ಟನ್ ಹತ್ತಿರ ಇದ್ದಾರೆ, ಅಳಿಯ ಅಮೆರಿಕದವರು. ಮೊಮ್ಮಗಳು ಹುಟ್ಟಿದಾಗ ಬೀಗರು ಒಂದು ವಂಶಾವಳಿ ಕೊಟ್ಟರಂತೆ: 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸಿಗರನ್ನು ತಂದ ಮೇಫ್ಲವರ್ ಹಡಗಿನಲ್ಲಿ ಬಂದ ಜಾನ್ ಹೌಲೆಂಡ್‌ನಿಂದ ಮಗುವಿನವರೆಗೆ ಹದಿಮೂರು ತಲೆಮಾರು. "ನಮ್ಮ ಮನೆಗೆ ಹೆಳವರು ಬಂದು ವಂಶ ಹೇಳಿ ಹೋಗುತ್ತಿದ್ದರು. ಅಲ್ಲಿ ಹೇಳುವವರು ಯಾರು? ಹೌಲೆಂಡ್ ತೀರಿಕೊಂಡದ್ದು ಒಂದು ಕಡೆ 1672, ಇನ್ನೊಂದು ಕಡೆ 1673 ಎಂದಿದೆ. ಇದನ್ನು ನಂಬಬಹುದೆ?" ಎಂದು ಕೇಳಿ, ಹಾಳೆಯ ಪ್ರತಿಯನ್ನೂ ಇಟ್ಟಿದ್ದಾರೆ.

ಮಾನ್ಯರೆ,

ಇಸವಿಯ ಬಗ್ಗೆ ಚಿಂತೆ ಬೇಡ, ಎರಡೂ ಸರಿ. ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ 1752ರವರೆಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹೌಲೆಂಡ್ ತೀರಿಕೊಂಡದ್ದು ಫೆಬ್ರವರಿ 23ರಂದು. ಅವರಿಗದು ಇನ್ನೂ 1672, ನಮ್ಮ ಲೆಕ್ಕಕ್ಕೆ 1673. ಬಲ್ಲವರು ಅದನ್ನು 1672/73 ಎಂದು ಬರೆಯುತ್ತಾರೆ.

ನನ್ನ ಕಣ್ಣು ನಿಂತದ್ದು ಹಾಳೆಯ ಮೊದಲ ಸಾಲಿನ ಮೇಲೆ. "ಪತ್ನಿ ಎಲಿಜಬೆತ್, ಗವರ್ನರ್ ಕಾರ್ವರ್ ಮಗಳು" ಎಂದಿದೆ. ಇದು ಹಳೆಯ ತಪ್ಪು. ಹೌಲೆಂಡ್ ಹಡಗು ಹತ್ತಿದ್ದು ಜಾನ್ ಕಾರ್ವರ್ ಅವರ ಮನೆಯಾಳಾಗಿ, ಹಾಗಾಗಿ ಮುಂದಿನವರು ಆಳನ್ನು ಅಳಿಯನನ್ನಾಗಿ ಮಾಡಿಕೊಂಡರು. ಆ ವಲಸಿಗರು ನೆಲೆಸಿದ ಪ್ಲಿಮತ್ ವಸಾಹತಿನ ಗವರ್ನರ್ ಆಗಿದ್ದ ವಿಲಿಯಂ ಬ್ರಾಡ್‌ಫರ್ಡ್ ಕೈಬರಹದಲ್ಲಿ ಬರೆದಿಟ್ಟಿದ್ದ ಚರಿತ್ರೆ ಬಹುಕಾಲ ಕಣ್ಮರೆಯಾಗಿತ್ತು. 1855ರಲ್ಲಿ ಅದು ಲಂಡನ್ ಬಿಷಪ್ಪರ ಗ್ರಂಥಾಲಯದಲ್ಲಿರುವುದು ಗೊತ್ತಾಯಿತು, ಮರುವರ್ಷ ಅಚ್ಚಾಯಿತು. ಹಡಗಿನಲ್ಲಿ ಬಂದವರು ಯಾರು, ಯಾರಿಗೆ ಯಾರು ಉಳಿದರು ಎಂದು ಬ್ರಾಡ್‌ಫರ್ಡ್ ಅದರಲ್ಲಿ ಪಟ್ಟಿ ಮಾಡಿದ್ದಾರೆ. ಅದರಂತೆ ಎಲಿಜಬೆತ್ ಜಾನ್ ಟಿಲ್ಲಿ ಎಂಬುವರ ಮಗಳು. ಬಂದವರಲ್ಲಿ ಅರ್ಧದಷ್ಟು ಜನ ಸತ್ತ ಆ ಮೊದಲ ಚಳಿಗಾಲದಲ್ಲೇ ಹುಡುಗಿಯ ತಂದೆತಾಯಿ ಇಬ್ಬರೂ ತೀರಿಕೊಂಡರು. ಅಂದಮೇಲೆ ನಿಮ್ಮ ಹಾಳೆಯ ಆ ಸಾಲಿನ ಮೂಲ 1856ಕ್ಕಿಂತ ಹಿಂದಿನದು. ಯಾರೋ ಬರೆದದ್ದನ್ನು ನೋಡಿ ಇಳಿಸಿಕೊಂಡದ್ದು. ಉಳಿದದ್ದೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಒಂದೊಂದು ಮೆಟ್ಟಿಲನ್ನೂ ತಟ್ಟಿ ನೋಡಬೇಕು.

ಅಲ್ಲಿ ವಂಶ ಹೇಳುವುದು ಕಾಗದ: ಊರಿನ ಜನನ ಮರಣದ ಪುಸ್ತಕ, ಜಮೀನು ಪತ್ರ, ಎಲ್ಲಕ್ಕಿಂತ ಹೆಚ್ಚಾಗಿ ಉಯಿಲು. ಎಲಿಜಬೆತ್ 1686ರ ಡಿಸೆಂಬರಿನಲ್ಲಿ ಬರೆಸಿದ ಉಯಿಲು ಉಳಿದಿದೆ. ಮಗ ಜಾನ್‌ಗೆ ಐದು ಪೌಂಡು ಮತ್ತು ಬೈಬಲ್ಲನ್ನು ಇಂಗ್ಲಿಷಿಗೆ ತಂದ ಟಿಂಡೇಲ್ ಅವರ ಗ್ರಂಥ, ಜೋಸೆಫ್‌ಗೆ ತೂಕದ ಕೋಲು, ಮೊಮ್ಮಗಳು ಎಲಿಜಬೆತ್ ಬರ್ಸ್ಲಿಗೆ ಒಂದು ಜೊತೆ ಹಾಸುಬಟ್ಟೆ, ಒಂದು ಜೊತೆ ದಿಂಬಿನ ಗವಸು. ಆ ಗವಸನ್ನು ಸಣ್ಣದೆನ್ನಬೇಡಿ. ಹೌಲೆಂಡ್ ಮನೆಯ ಹುಡುಗಿ ಬರ್ಸ್ಲಿ ಮನೆ ಸೇರಿದ್ದಳೆಂಬುದಕ್ಕೆ ಅಜ್ಜಿಯೇ ಸಾಕ್ಷಿ ನುಡಿದಂತಾಯಿತು. ಮದುವೆಯಾದ ಕೂಡಲೇ ಹೆಣ್ಣುಮಕ್ಕಳ ತವರು ಹೆಸರು ಮುಳುಗಿಹೋಗುವ ಕಡೆ, ಇಂಥ ಒಂದು ಸಾಲು ಸಿಗಲೆಂದು ಜನ ವರ್ಷಗಟ್ಟಲೆ ಹುಡುಕುತ್ತಾರೆ.

ಇನ್ನೊಂದು ಎಚ್ಚರಿಕೆ. ಹೌಲೆಂಡ್ ಎಂದು ಅಡ್ಡಹೆಸರಿದ್ದ ಮಾತ್ರಕ್ಕೆ ಮೇಫ್ಲವರ್ ಸಂತಾನವಾಗುವುದಿಲ್ಲ. ಜಾನ್ ಸೋದರರಾದ ಆರ್ಥರ್, ಹೆನ್ರಿ ಆಮೇಲೆ ಬೇರೆ ಹಡಗಿನಲ್ಲಿ ಬಂದವರು, ಅವರ ಸಂತತಿಯೂ ದೊಡ್ಡದು.

ಜಾನ್, ಎಲಿಜಬೆತ್ ದಂಪತಿಯ ಹತ್ತೂ ಮಕ್ಕಳು ಬೆಳೆದು ಮದುವೆಯಾದರು. ಮೇಫ್ಲವರ್ ಸಂತತಿಯವರ ಸಂಘ ಮೊದಲ ತಲೆಮಾರುಗಳನ್ನು ದಾಖಲೆ ಸಮೇತ ಪ್ರಕಟಿಸುತ್ತ ಬಂದಿದೆ. ಹಾಗಾಗಿ ಹಾಳೆಯ ಮೇಲ್ಭಾಗವನ್ನು ಕೂತಲ್ಲೇ ತಾಳೆ ನೋಡಬಹುದು. ಇತ್ತೀಚಿನ ತಲೆಮಾರುಗಳೂ ಕಷ್ಟವಲ್ಲ. 1850ರಿಂದ ಅಮೆರಿಕದ ಜನಗಣತಿಯಲ್ಲಿ ಮನೆಮಂದಿಯ ಹೆಸರುಗಳಿವೆ (ಗುಲಾಮರನ್ನು ಬಿಟ್ಟು, ಅವರ ಹೆಸರು ಬರೆಯಲೇ ಇಲ್ಲ). ಅದಕ್ಕೂ ಮುಂಚೆ ಯಜಮಾನನ ಹೆಸರೊಂದೇ, ಉಳಿದವರು ಬರೀ ತಲೆಲೆಕ್ಕ.

ಹಾಳೆ ಸಡಿಲವಾಗುವುದು ನಡುವೆ. ಏಳನೆಯ ತಲೆಮಾರಿನಲ್ಲಿ "ಮೇರಿ, ನ್ಯೂಯಾರ್ಕ್ ಪ್ರಾಂತ" ಎಂದಷ್ಟೇ ಇದೆ. ಹುಟ್ಟಿದ ದಿನವಿಲ್ಲ, ತಂದೆ ಯಾರೆಂಬುದಕ್ಕೆ ಆಧಾರವಿಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ ಮಸಾಚುಸೆಟ್ಸ್‌ನಿಂದ ಸಾವಿರಾರು ಸಂಸಾರಗಳು ಆ ಕಡೆ ಗುಳೆ ಹೋದವು. ಅಲ್ಲಿ ಇಡೀ ರಾಜ್ಯಕ್ಕೆ ಜನನ ಮರಣ ನೋಂದಣಿ ನೆಲೆಗೊಂಡದ್ದು 1880ರ ದಶಕದಲ್ಲಿ. ಮೇರಿ ಗಂಡ ಯುದ್ಧಕ್ಕೆ ಹೋಗಿದ್ದರೆ ಪಿಂಚಣಿ ಕಡತ ಹುಡುಕಿಸಿ. ಮದುವೆ ರುಜುವಾತು ಮಾಡಲು ವಿಧವೆಯರು ಮನೆಯ ಬೈಬಲ್‌ನಲ್ಲಿ ಮಕ್ಕಳ ಹೆಸರು ಬರೆದಿದ್ದ ಹಾಳೆಯನ್ನೇ ಹರಿದು ಸರ್ಕಾರಕ್ಕೆ ಕಳಿಸುತ್ತಿದ್ದರು. ಅಂಥ ಹಾಳೆಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆಗಳಲ್ಲಿ ಇಂದಿಗೂ ಇವೆ.

ಆದ್ದರಿಂದ ಮೇಲಿನಿಂದ ಇಳಿಯಬೇಡಿ. ಮಗುವಿನಿಂದ ಹತ್ತಿ, ಒಂದೊಂದು ತಲೆಮಾರಿಗೂ ಒಂದೊಂದು ಕಾಗದ ಕೈಗೆ ಬಂದ ಮೇಲೆ ಮುಂದಿನದು. ಬೀಗರ ಮನೆಯಲ್ಲಿ ಹಳೆಯ ಬೈಬಲ್, ಮದುವೆ ಪತ್ರ, ಹಿಂದೆ ಹೆಸರು ಬರೆದ ಫೋಟೋಗಳಿರಬಹುದು. ಮುಂದಿನ ಸಲ ಹೋದಾಗ ಅಳಿಯನ ಅಜ್ಜಿಯ ಹತ್ತಿರ ಕೂತು ಕೇಳಿ. ನಿಮ್ಮ ಕಡೆಯ ವಂಶವನ್ನು ಹೆಳವರು ಹೇಳಿದಷ್ಟು ನೀವೂ ಬರೆದು ಮೊಮ್ಮಗಳ ಹೆಸರಿನ ಆ ಬದಿಗೆ ಸೇರಿಸಿ. ಹಾಳೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದಾರೆ.